ದೂರಸ್ಥ ಫುಟ್‌ಬಾಲ್ ಭಕ್ತಿ ಮೀಮಾಂಸೆ

ವಿಷಯ

ಪರದೇಶದಲ್ಲಿದ್ದುಕೊಂಡು ಫುಟ್‌ಬಾಲ್ ತಂಡವೊಂದರ ಮೇಲೆ ಇಡುವ ಭಕ್ತಿ ಎಂಥದು, ಅದು ಯಾವುದರಿಂದ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ವಾಸಿಯಾಗುವುದುಂಟೇ ಎಂಬುದು ಇಲ್ಲಿನ ವಿಚಾರ. ಪೂರ್ವಸೂರಿಗಳು ಭಕ್ತಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆಫ್‌ಸೈಡ್ ಬಗ್ಗೆ ಮಾತ್ರ ಚಕಾರವೆತ್ತಿಲ್ಲ. ಆ ಕೊರತೆ ತುಂಬುವ ಭಾರ ನಮ್ಮ ಹೆಗಲಿಗೆ ಬಿದ್ದಿದೆ.

ಅಧ್ಯಯನಕ್ಕೆ ಒಬ್ಬನೇ ಒಬ್ಬ ಭಕ್ತನನ್ನು ಆರಿಸಿಕೊಂಡಿದ್ದೇವೆ. ಒಬ್ಬನನ್ನು ನೋಡಿ ಲೋಕಕ್ಕೆಲ್ಲ ನಿಯಮ ಕಟ್ಟಬಹುದೇ ಎಂದು ಕೇಳುವವರಿಗೆ ಸ್ಥಾಲೀಪುಲಾಕ ನ್ಯಾಯವೇ ಉತ್ತರ: ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಹಿಸುಕಿದರೆ ಸಾಕು. ಇವನು ಬಸವನಗುಡಿಯವನು, ಸಾಫ್ಟ್‌ವೇರಿನವನು. ಬೆಂಗಳೂರು, ಮ್ಯಾಂಚೆಸ್ಟರ್, ಸ್ಯಾನ್ ಹೋಸೆ ಎಂಬ ಮೂರು ಕ್ಷೇತ್ರಗಳಲ್ಲಿ ನೆಲೆಸಿದವನು. ಹೆಸರು ಅಪ್ರಸ್ತುತ.

ಪೂರ್ವಪಕ್ಷ ಮತ್ತು ಅದರ ಪತನ

ತಂಡಕ್ಕೆ ಹತ್ತಿರವಿದ್ದಷ್ಟೂ ಭಕ್ತಿ ಹೆಚ್ಚು ಎಂಬುದು ಪೂರ್ವಪಕ್ಷ. ಇದನ್ನು ಪರೀಕ್ಷಿಸೋಣ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ಮುಂದೆ ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕಿನಲ್ಲಿ ನೀಲಿ ಅಂಗಿಯವರು ನಿಂತುಕೊಂಡೇ ಇಡೀ ಆಟ ಕೂಗುವ ಸಂಪ್ರದಾಯ ಬೆಳೆಯಿತು. 2016ರ ಅಕ್ಟೋಬರಿನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಇದೇ ಅಂಗಳದಲ್ಲಿ 3-1ರಿಂದ ಮಣಿಸಿ, ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ತಂಡವೆನಿಸಿತು. ಭಕ್ತನ ಮನೆಯಿಂದ ಈ ಅಂಗಳಕ್ಕೆ ಕೆಲವೇ ಕಿಲೋಮೀಟರು. ಅವನು ಎಷ್ಟು ಸಲ ಹೋಗಿದ್ದ? ಒಂದು ಸಲವೂ ಇಲ್ಲ. ಕಾರಣ ಕೇಳಿದರೆ ಕಾರ್ಪೊರೇಷನ್ ಸರ್ಕಲ್ಲಿನ ಟ್ರಾಫಿಕ್ಕು, ಪಾರ್ಕಿಂಗು, ಮಾರನೇ ದಿನದ ಆಫೀಸು.

ಇದೇ ಮನುಷ್ಯ ಮ್ಯಾಂಚೆಸ್ಟರ್ ಯುನೈಟೆಡ್‌ಗಾಗಿ ಮಧ್ಯರಾತ್ರಿ ಒಂದೂವರೆಗೆ ಅಲಾರಂ ಇಟ್ಟು ಏಳುತ್ತಿದ್ದ. ಆಗ ಮಾರನೇ ದಿನದ ಆಫೀಸು ಲೆಕ್ಕಕ್ಕಿಲ್ಲ. 2013ರ ಮೇನಲ್ಲಿ ಸರ್ ಅಲೆಕ್ಸ್ ಫರ್ಗ್ಯುಸನ್ ತರಬೇತುದಾರಿಕೆಯಿಂದ ನಿವೃತ್ತರಾದಾಗ ಸೂತಕದವನಂತೆ ಓಡಾಡಿದ. ಎರಡೇ ತಿಂಗಳಲ್ಲಿ ಸ್ವಂತ ಊರಿನಲ್ಲೊಂದು ತಂಡ ಹುಟ್ಟಿದ್ದು ಅವನ ಕಿವಿಗೆ ಬೀಳಲಿಲ್ಲ. ಫರ್ಗ್ಯುಸನ್ ಹೋದ ಮೇಲೆ ಯುನೈಟೆಡ್‌ಗೆ ಲೀಗ್ ಪ್ರಶಸ್ತಿ ದಕ್ಕದೇ ಹೋದರೂ ಇವನ ಭಕ್ತಿಗೆ ಕುಂದು ಬರಲಿಲ್ಲ. ಇಲ್ಲಿಗೆ ಪೂರ್ವಪಕ್ಷ ಬಿತ್ತು.

ಸಾನ್ನಿಧ್ಯ ದೋಷ

ಭಕ್ತನನ್ನು ಅವನ ಕಂಪನಿ ಮ್ಯಾಂಚೆಸ್ಟರಿಗೇ ಕಳಿಸಿತು. ಪುಣ್ಯಕ್ಷೇತ್ರದಲ್ಲೇ ಬಾಡಿಗೆ ಮನೆ! ಇನ್ನೇನು ಮೋಕ್ಷ ಎನ್ನುವಷ್ಟರಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಟಿವಿ ಹಾಕಿದ. ಆಟವೇ ಇಲ್ಲ. ಇಂಗ್ಲೆಂಡಿನಲ್ಲಿ ಶನಿವಾರ ಎರಡೂಮುಕ್ಕಾಲರಿಂದ ಐದೂಕಾಲರವರೆಗೆ ಟಿವಿಯಲ್ಲಿ ನೇರ ಫುಟ್‌ಬಾಲ್ ನಿಷಿದ್ಧ. ಮನೆಯಲ್ಲೇ ಕೂತು ದೊಡ್ಡ ತಂಡಗಳನ್ನು ನೋಡುವಂತಾದರೆ ಸಣ್ಣ ಕ್ಲಬ್ಬುಗಳ ಅಂಗಳಕ್ಕೆ ಜನ ಬರುವುದಿಲ್ಲವೆಂದು 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಹೂಡಿದ ವಾದದ ಫಲ ಅದು. ಚಳಿಗಾಲದ ಆ ಮೂರು ಗಂಟೆ ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ. ಕೋರಮಂಗಲದಲ್ಲಿ ಕೂತವರು ಆರಾಮಾಗಿ ನೋಡುತ್ತಿದ್ದ ಆಟವನ್ನು ಯುನೈಟೆಡ್ ಅಂಗಳವಾದ ಓಲ್ಡ್ ಟ್ರಾಫರ್ಡ್‌ನ ನೆರೆಯವನು ನೋಡುವಂತಿಲ್ಲ.

ಅಂಗಳಕ್ಕೇ ಹೋಗೋಣವೆಂದರೆ, ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಆಸನಗಳಿದ್ದರೂ, ಮೊದಲು ಸದಸ್ಯನಾಗಬೇಕು, ಆಮೇಲೆ ಟಿಕೆಟ್ಟಿಗೆ ಕಾಯಬೇಕು. ಭಕ್ತ ಸರ್ ಮ್ಯಾಟ್ ಬಸ್ಬಿ ಹೆಸರಿನ ರಸ್ತೆಯಲ್ಲಿ ನಿಂತು ಒಂದು ಕೆಂಪು ಮಫ್ಲರ್ ಕೊಂಡು ವಾಪಸಾದ. ಅಂದಿನಿಂದ ಯುನೈಟೆಡ್ ಮೇಲೆ ಏನೋ ಒಂದು ಉದಾಸೀನ. ಅದೇ ಚಳಿಗಾಲದಲ್ಲಿ, ಮಧ್ಯಾಹ್ನ ಎರಡರ ಹೊತ್ತಿಗೆ ಫೋನಿನಲ್ಲಿ ನೀಲಿ ಅಂಗಿಗಳು ಕಂಡವು. ರೂಮಿನವನಿಗೆ ಹೇಳಿದ: "ನಮ್ಮೂರ ಟೀಮು ಕಣೋ." ಊರಲ್ಲಿದ್ದಾಗ ಈ ವಾಕ್ಯ ಅವನ ಬಾಯಿಂದ ಬಂದ ದಾಖಲೆಯಿಲ್ಲ.

ಕಾಲನಿರ್ಣಯ

ಮುಂದಿನ ವರ್ಗಾವಣೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ. ಈಗ ದೇವರಿಬ್ಬರೂ ದೂರ. ಆದ್ದರಿಂದ ಇಬ್ಬರ ಮೇಲೂ ಭಕ್ತಿ. ಚಳಿಗಾಲದ ಶನಿವಾರದ ಅನುಷ್ಠಾನ ಹೀಗೆ: ಬೆಳಗಿನ ಜಾವ ನಾಲ್ಕೂವರೆಗೆ ಇಂಗ್ಲೆಂಡಿನ ಮೊದಲ ಆಟ, ಆರಕ್ಕೆ ಬೆಂಗಳೂರಿನ ಏಳೂವರೆಯ ಆಟ, ಏಳಕ್ಕೆ ಇಂಗ್ಲೆಂಡಿನ ಮೂರು ಗಂಟೆಯ ಆಟಗಳು. ಮ್ಯಾಂಚೆಸ್ಟರಿನಲ್ಲಿ ನಿಷಿದ್ಧವಾಗಿದ್ದ ಅದೇ ಆಟ ಇಲ್ಲಿ ಟಿವಿಯಲ್ಲಿ ನಿರಾತಂಕ. ಹೀಗೆ ತ್ರಿಕಾಲ ಪೂಜೆಯೂ ಹಲ್ಲುಜ್ಜುವುದರೊಳಗೆ ಸಂಪನ್ನ.

ಏಳರಿಂದ ಎಂಟರವರೆಗಿನ ಸಂಧಿಕಾಲದಲ್ಲಿ ಮಾತ್ರ ಇಬ್ಬರು ದೇವರೂ ಒಟ್ಟಿಗೆ ಬರುತ್ತಾರೆ. ಆಗ ಯುನೈಟೆಡ್ ಟಿವಿಯಲ್ಲಿ, ಬೆಂಗಳೂರು ತಂಡ, ಆಟಗಾರ ಚೆಟ್ರಿ ಸಮೇತ, ಅಡುಗೆಮನೆ ಕಟ್ಟೆಯ ಮೇಲೆ, ಕಾಫಿ ಫಿಲ್ಟರಿಗೆ ಒರಗಿಸಿಟ್ಟ ಫೋನಿನಲ್ಲಿ. "ರೀ, ಡಿಕಾಕ್ಷನ್ ಬೇಕು, ನಿಮ್ಮ ಚೆಟ್ರೀನ ಒಂಚೂರು ಪಕ್ಕಕ್ಕಿಡಿ" ಎಂಬ ಗೃಹಿಣಿಯ ವಾಕ್ಯ ಈ ಸಂದರ್ಭದ್ದು.

ಮಾರ್ಚಿನ ಎರಡನೇ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಇಂಗ್ಲೆಂಡಿನವರು ಅದೇ ಕರ್ಮವನ್ನು ತಿಂಗಳ ಕೊನೆಯ ಭಾನುವಾರ ಮಾಡುತ್ತಾರೆ. ಭಾರತದವರು ಮಾಡುವುದೇ ಇಲ್ಲ. ನಡುವಿನ ವಾರಗಳಲ್ಲಿ ಭಕ್ತನಿಗೆ ಪಂಚಾಂಗ ನೋಡದೆ ಗತಿಯಿಲ್ಲ. ಇನ್ನು ಮೆಲ್ಬರ್ನ್‌ನಲ್ಲಿರುವ ಅವನ ಗೆಳೆಯನಿಗೆ ಅಲ್ಲಿನ ಬೇಸಿಗೆಯಲ್ಲಿ ಬೆಂಗಳೂರಿನ ಶನಿವಾರದ ಆಟ ಶುರುವಾಗುವುದು ಭಾನುವಾರ ನಸುಕಿನ ಒಂದು ಗಂಟೆಗೆ. ಸೋತರೆ ಶೋಕ ಶನಿವಾರದ್ದೋ ಭಾನುವಾರದ್ದೋ ಎಂಬಲ್ಲಿ ಸ್ಮಾರ್ತರೂ ವೈಷ್ಣವರೂ ಏಕಾದಶಿಯಲ್ಲಿ ಕಾಣುವಷ್ಟೇ ಭಿನ್ನಮತವಿದೆ.

ಪ್ರಮಾಣ ವಿಚಾರ

ಅಂಗಳದಲ್ಲಿಲ್ಲದವನಿಗೆ ಗೋಲು ಬಿತ್ತೆಂಬ ಜ್ಞಾನ ಉಂಟಾಗುವುದು ಹೇಗೆ? ಪ್ರಮಾಣಗಳು ನಾಲ್ಕು.

ಪ್ರತ್ಯಕ್ಷವೆಂದರೆ ಫೋನಿನ ಪರದೆ. ಇದು ಹೆಸರಿಗೆ ಪ್ರತ್ಯಕ್ಷ. ಸ್ಟ್ರೀಮು ಅಂಗಳಕ್ಕಿಂತ ಅರ್ಧ ನಿಮಿಷ ಹಿಂದೆ ಓಡುತ್ತಿರುತ್ತದೆ.

ಶಬ್ದವೆಂದರೆ ಕಂಠೀರವದಲ್ಲೇ ಕೂತ ಭಾವಮೈದುನ ಕಳಿಸುವ "ಗೋಲ್ ಭಾವಾ!" ಎಂಬ ಆಪ್ತವಾಕ್ಯ. ತೊಡಕೇನೆಂದರೆ ಈ ವಾಕ್ಯ ಬಂದಾಗ ಪರದೆಯ ಮೇಲೆ ಆಟಗಾರನಿನ್ನೂ ಕಾರ್ನರ್ ಕಿಕ್ಕಿಗೆ ಚೆಂಡಿಡುತ್ತಿರುತ್ತಾನೆ. ಕಾರಣಕ್ಕೆ ಮೊದಲೇ ಕಾರ್ಯವೇ ಎಂದು ನೈಯಾಯಿಕರು ಕೆರಳುತ್ತಾರೆ. ಗೋಲು ಕಾರ್ನರಿನೊಳಗೆ ಮೊದಲಿಂದಲೂ ಅಡಗಿಯೇ ಇತ್ತೆಂದು ಸಾಂಖ್ಯರು ಸಮಾಧಾನ ಹೇಳುತ್ತಾರೆ. ಭಕ್ತ ಇಬ್ಬರನ್ನೂ ಮ್ಯೂಟ್ ಮಾಡುತ್ತಾನೆ.

ಅನುಮಾನ ಸುಲಭ: ಎಲ್ಲಿ ವಾಟ್ಸ್ಯಾಪ್ ಗುಂಪು ಒಮ್ಮೆಲೇ ಗಣಗಣಿಸುತ್ತದೋ ಅಲ್ಲಿ ಗೋಲು.

ನಾಲ್ಕನೆಯದು ಅನುಪಲಬ್ಧಿ, ಅಂದರೆ ಇಲ್ಲದಿರುವುದರಿಂದಲೇ ಆಗುವ ಜ್ಞಾನ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿದ ಪ್ರಮಾಣವಿದು. ಗುಂಪಿನಲ್ಲಿ ಹತ್ತು ನಿಮಿಷ ಯಾರೂ ಉಸಿರೆತ್ತದಿದ್ದರೆ ನಮಗೆ ಗೋಲು ಬಿದ್ದಿದೆ ಎಂದರ್ಥ. ಇದರಷ್ಟು ಖಚಿತವಾದ ಪ್ರಮಾಣ ಭಕ್ತನ ಅನುಭವದಲ್ಲಿ ಬೇರೊಂದಿಲ್ಲ.

ಭ್ರಮೆಗೂ ಒಂದು ಉದಾಹರಣೆ ಕೊಡಬೇಕು. 2023ರ ಮಾರ್ಚ್ 3, ಕೇರಳ ಬ್ಲಾಸ್ಟರ್ಸ್ ವಿರುದ್ಧ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇಆಫ್. ಸ್ಯಾನ್ ಹೋಸೆಯಲ್ಲಿ ಶುಕ್ರವಾರ ಬೆಳಗಿನ ಎಂಟರ ಸುಮಾರು. ಮಗಳನ್ನು ಸ್ಕೂಲಿಗೆ ಬಿಡುವ ಹೊತ್ತು. ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಚೆಟ್ರಿ ಫ್ರೀ ಕಿಕ್ಕನ್ನು ಗೋಲಿಗೆ ಸೇರಿಸಿದರು. ಒಪ್ಪದ ಬ್ಲಾಸ್ಟರ್ಸ್ ತಂಡವನ್ನು ಅವರ ತರಬೇತುದಾರ ಅಂಗಳದಿಂದಾಚೆಗೆ ಕರೆದುಕೊಂಡರು. ಪರದೆಯಲ್ಲಿ ಆಟವಿಲ್ಲ, ಓಟವಿಲ್ಲ, ಜನ ಸುಮ್ಮನೆ ನಿಂತಿದ್ದಾರೆ. ಸ್ಟ್ರೀಮು ಸಿಕ್ಕಿಕೊಂಡಿತೆಂದು ಭಕ್ತ ವೈಫೈ ಡಬ್ಬಿಯನ್ನು ಆರಿಸಿ ಹಚ್ಚಿದ. ಮತ್ತೆ ಅದೇ ಚಿತ್ರ. ಈ ಸಲ ನಿಂತುಹೋಗಿದ್ದದ್ದು ಲೋಕವೇ. ಮಗಳು ಶಾಲೆಗೆ ತಡವಾಗಿ ಹೋದಳು; ಬೆಂಗಳೂರು ಸೆಮಿಫೈನಲ್‌ಗೆ ಹೋಯಿತು.

ಪ್ರಮಾಣಗಳ ನಡುವೆ ಭಕ್ತ ಭಾವಮೈದುನನಿಗೆ "ಮಳೆ ಬರ್ತಾ ಇದ್ಯೇನೋ ಅಲ್ಲಿ?" ಎಂದು ಕೇಳುವುದುಂಟು. ಪರದೆಯಲ್ಲಿ ಒದ್ದೆ ಹುಲ್ಲು ಕಾಣುತ್ತಲೇ ಇರುತ್ತದೆ; ಆದರೂ ಕೇಳುತ್ತಾನೆ. ಈ ಪ್ರಶ್ನೆಗೂ ಫುಟ್‌ಬಾಲಿಗೂ ಸಂಬಂಧ ಸಿದ್ಧವಾಗದ ಕಾರಣ ಅದನ್ನಿಲ್ಲಿ ಕೈಬಿಡಲಾಗಿದೆ.

ದೃಷ್ಟಾಂತ

ದೂರವೇ ಶ್ರೇಯಸ್ಕರ ಎಂಬುದಕ್ಕೆ ತಂಡದ ಚರಿತ್ರೆಯೇ ಸಾಕ್ಷಿ. 2018ರ ಐಎಸ್‌ಎಲ್ ಫೈನಲ್ ನಡೆದದ್ದು ಮನೆಯಂಗಳದಲ್ಲಿ. ಚೆನ್ನೈಯಿನ್ ಎದುರು 2-3ರಿಂದ ಸೋಲು. 2019ರ ಫೈನಲ್ ದೂರದ ಮುಂಬೈಯಲ್ಲಿ. ಹೆಚ್ಚುವರಿ ಅವಧಿಯ ಕೊನೆಗೆ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿನಿಂದ ಗೋವಾ ಎದುರು ಗೆಲುವು, ಪ್ರಶಸ್ತಿ. ಇನ್ನು 2023ರಲ್ಲಿ ಗೋವಾದಲ್ಲಿ, 2025ರಲ್ಲಿ ಕೋಲ್ಕತ್ತದಲ್ಲಿ ಸೋತ ಫೈನಲ್‌ಗಳನ್ನು ಕೆಲವರು ಎತ್ತುತ್ತಾರೆ. ಭಾಷೆ, ಶೈಲಿ, ಫಲಿತಾಂಶ ಮೂರನ್ನೂ ಪರಿಶೀಲಿಸಿದಾಗ ಅವು ಪ್ರಕ್ಷಿಪ್ತವೆಂಬುದು ನಮ್ಮ ಸ್ಪಷ್ಟ ಅಭಿಮತ.

ಸಿದ್ಧಾಂತ

ಭಕ್ತಿಗೆ ಬೇಕಾದದ್ದು ದೂರ, ತಂಡ ನೆಪಮಾತ್ರ. ಹತ್ತಿರದಲ್ಲಿ ಟ್ರಾಫಿಕ್ಕು ಕಾಣುತ್ತದೆ, ದೂರದಿಂದ ಊರು ಕಾಣುತ್ತದೆ.

ಅಂತಿಮ ಪರೀಕ್ಷೆಗೆಂದು ಭಕ್ತನನ್ನು ಯುಗಾದಿ ರಜೆಯಲ್ಲಿ ಬಸವನಗುಡಿಯಲ್ಲೇ ಗಮನಿಸಲಾಯಿತು. ಸಂಜೆ ಕಂಠೀರವದಲ್ಲಿ ಆಟವಿತ್ತು. "ಹೋಗ್ಬಾರೋ, ನ್ಯಾಷನಲ್ ಕಾಲೇಜ್ ಹತ್ರ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದ್ರೆ ಕಬ್ಬನ್ ಪಾರ್ಕು" ಎಂದರು ತಾಯಿ. "ಯಾರಮ್ಮ ಹೋಗ್ತಾರೆ, ಟಿವೀಲೇ ಬರುತ್ತಲ್ಲ" ಎಂದ ಭಕ್ತ, ಒಬ್ಬಟ್ಟು ತಿಂದು ಮಲಗಿದ. ಮಾರನೇ ದಿನ ಭಾನುವಾರ ಬೆಳಗ್ಗೆ ಎಂಟಕ್ಕೆ ಮಾತ್ರ ಮಹಡಿ ಮೆಟ್ಟಿಲ ಮೇಲೆ ಫೋನು ಹಿಡಿದು, ಉಗುರು ಕಚ್ಚುತ್ತ, ಸ್ಯಾನ್ ಹೋಸೆ ಅರ್ಥ್‌ಕ್ವೇಕ್ಸ್ ಆಟ ನೋಡುತ್ತಿದ್ದ. ಆ ತಂಡದ ಅಂಗಳ ಇರುವುದು ಅವನು ಬಂದಿಳಿಯುವ ವಿಮಾನ ನಿಲ್ದಾಣದ ಪಕ್ಕದಲ್ಲೇ. ಇವತ್ತಿನವರೆಗೂ ಒಳಗೆ ಕಾಲಿಟ್ಟಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಪಠಿಸಿದವರಿಗೆ ಸ್ಟ್ರೀಮು ಸಿಕ್ಕಿಕೊಳ್ಳದಿರಲಿ, ಆಟ ವಾರದ ದಿನ ಬೀಳದಿರಲಿ, ಭಾವಮೈದುನನ ಫೋನಿನ ಚಾರ್ಜು ಎರಡನೇ ಅರ್ಧದಲ್ಲಿ ಮುಗಿದುಹೋಗಲಿ. ಹೆಚ್ಚಿನ ಫಲ ಬಯಸುವವರು ಪತ್ರಿಕೆಯನ್ನು ಆದಷ್ಟು ದೂರ ಹಿಡಿದು ಓದತಕ್ಕದ್ದು.