ಹಿತ್ತಲ ಹಳದಿ ಟೊಮೆಟೊ

“ತಂಗೀ, ನನ್ನ ಕೆಂಪು ಟಮಟೆ ನಿನ್ನ ಬೇಲಿಗೆ ಒತ್ತಿಕೊಂಡೇ ಐತಲ್ಲ, ಅದರ ಗಾಳಿ ಬಡಿದು ನಿನ್ನ ಹಳದಿ ಹಣ್ಣೂ ಕೆಂಪಾದರೆ ಏನ್ ಮಾಡ್ತೀಯಾ?”

ಬೇಲಿಯಾಚೆಯಿಂದ ಅಕ್ಕ ಕೇಳಿದ್ದು ಒಳ್ಳೆಯ ಪ್ರಶ್ನೆ. ನಮ್ಮ ಗೋವಿನಕೋವಿಯ ಆಸುಪಾಸಿನವರಿಗೆ ಮೆಕ್ಕೆಜೋಳದ ಗುಣ ಗೊತ್ತು. ಬಿಳಿ ಮೆಕ್ಕೆಜೋಳದ ಪಕ್ಕ ಹಳದಿಯದು ಸೂಲಂಗಿ ಬಿಟ್ಟರೆ ಅದೇ ಬೆಳೆಯ ಬಿಳಿ ತೆನೆಯಲ್ಲಿ ಹಳದಿ ಕಾಳು ಕಾಣಿಸಿಕೊಳ್ಳುತ್ತವೆ. ಟೊಮೆಟೊ ಹಾಗಲ್ಲ ಅಕ್ಕ, ಅಂದೆ. ಸಿಪ್ಪೆ, ತಿರುಳು ಎಲ್ಲ ತಾಯಿಗಿಡದ್ದೇ. ಯಾವ ಪರಾಗ ಬಿದ್ದರೂ ಈ ಸಲದ ಹಣ್ಣು ಹಳದಿಯೇ. ಬೆರಕೆಯಾಗಿದ್ದರೆ ಅದು ಒಳಗಿನ ಬೀಜದಲ್ಲಿ ಕೂತಿರುತ್ತದೆ, ಬಿತ್ತಿದಾಗ ಹೊರಬರುತ್ತದೆ.

“ಹಂಗಾರೆ ಬೀಜ ಹಿಡಿಯೋದೇ ದಂಡ ಅನ್ನು.”

ದಂಡ ಯಾಕಾಗುತ್ತದೆ? ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗಿವೆ. ನಡುವಿನ ಹಳದಿ ಕೊಳವೆಯೊಳಗೇ ಪರಾಗ ಉದುರಿ ಅಲ್ಲೇ ಕಾಯಿ ಕಟ್ಟುತ್ತದೆ. ಗಾಳಿ ಅಲುಗಿಸಿದರೆ ಸಾಕು. ಕರಿ ದುಂಬಿ ಬಂದು ಹೂವಿಗೆ ಜೋತುಬಿದ್ದು ಝೇಂಕರಿಸಿ ಪರಾಗ ಉದುರಿಸಿಕೊಂಡು ಹೋಗುವುದೂ ಉಂಟು. ಆಗ ಅಲ್ಲೊಂದು ಇಲ್ಲೊಂದು ಬೆರಕೆ ಆಗಬಹುದು, ಅಷ್ಟೇ.

ಹಳದಿ ತಳಿಯ ಮೇಲೆ ನನಗೆ ಪ್ರೀತಿ ಹೆಚ್ಚಾಗಿದ್ದೇ ಇಲ್ಲಿ. ಕೆಂಪು ಕೊಡುವುದು ಲೈಕೋಪೀನ್. ಅದನ್ನು ತಯಾರಿಸುವ ಗುಣ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಹಣ್ಣು ಕೆಂಪಾಗುತ್ತದೆ. ಇಬ್ಬರಿಂದಲೂ ಬರದಿದ್ದರೆ ಮಾತ್ರ ಹಳದಿ. ಹಾಗಾಗಿ ಹಳದಿ ಹಣ್ಣಿನ ಬೀಜದಿಂದ ಕೆಂಪು ಹಣ್ಣಿನ ಗಿಡ ಬಂತೆಂದರೆ, ಹೊರಗಿನ ಪರಾಗ ಒಳಹೊಕ್ಕಿದೆ ಅಂತ ಮೊದಲ ಪೀಳಿಗೆಯಲ್ಲೇ ಗೊತ್ತಾಗಿಹೋಗುತ್ತದೆ. ಎರಡು ಕೆಂಪು ತಳಿ ಬೆರೆತರೆ ಬಣ್ಣ ನೋಡಿ ಹೇಳುವುದು ಸಾಧ್ಯವಿಲ್ಲ. ಬೀಜ ಹಿಡಿಯುವುದನ್ನು ಹೊಸದಾಗಿ ಕಲಿಯುವವರಿಗೆ ಹಳದಿಗಿಂತ ಒಳ್ಳೆಯ ಗಿಡ ನನಗೆ ತಿಳಿದಿಲ್ಲ.

ನನ್ನ ಹಿತ್ತಲಲ್ಲಿರುವುದು ಯೆಲ್ಲೋ ಪೇರ್. ಪುಟ್ಟ ಸೋರೆಬುರುಡೆಯಂಥ ಹಣ್ಣು, ಗೊಂಚಲು ಗೊಂಚಲಾಗಿ ಬಿಡುತ್ತದೆ. ಅಮೆರಿಕ, ಯುರೋಪಿನ ತೋಟಗಳಲ್ಲಿ ಸುಮಾರು 200 ವರ್ಷಗಳಿಂದ ಬೆಳೆದುಕೊಂಡು ಬಂದ ತಳಿ. ಅದರ ಆ ಆಕಾರವೂ ಬಣ್ಣದ ಹಾಗೆಯೇ ಅಡಗುವ ಗುಣ. ದುಂಡನೆಯ ಕೆಂಪಿನ ಜೊತೆ ಬೆರೆತರೆ ಮೊದಲ ಪೀಳಿಗೆಯಲ್ಲಿ ಹಣ್ಣು ಕೆಂಪಗೇ ಬರುತ್ತದೆ, ಸೋರೆಬುರುಡೆಯ ಆಕಾರವೂ ಕಾಣುವುದಿಲ್ಲ. ಅದರ ಬೀಜ ಮತ್ತೆ ಬಿತ್ತಿದರೆ ಸುಮಾರು 4 ಗಿಡಕ್ಕೆ 1 ಹಳದಿ, 16ಕ್ಕೆ 1 ಹಳದಿಯೂ ಹೌದು, ಸೋರೆಬುರುಡೆಯೂ ಹೌದು. ಬಣ್ಣ, ಆಕಾರ ಮರಳಿ ಬಂದರೂ ರುಚಿ ಹಾಗೇ ಬರುತ್ತದೆ ಅನ್ನಲಾಗದು. ಅದಕ್ಕೇ ಮೊದಲೇ ಶುದ್ಧ ಬೀಜ ತೆಗೆದಿಟ್ಟುಕೊಳ್ಳುವುದು ಮೇಲು.

“ತೆಗೆಯೋದು ಹೆಂಗೆ? ನಮ್ಮವ್ವ ಹಣ್ಣನ್ನ ಗೋಡೆಗೆ ತಿಕ್ಕಿ ಒಣಗಿಸ್ತಿದ್ಳು.”

ಅದೂ ನಡೆಯುತ್ತದೆ, ಆದರೆ ಬೀಜದ ಸುತ್ತಲಿನ ಲೋಳೆ ಪೂರ್ತಿ ಹೋಗುವುದಿಲ್ಲ. ಆ ಲೋಳೆ ಇದ್ದರೆ ಮೊಳಕೆ ತಡ. ರೋಗವಿಲ್ಲದ, ಚೆನ್ನಾಗಿ ಬಿಟ್ಟ ಗಿಡದಲ್ಲಿ ಒಂದು ಗೊಂಚಲಿಗೆ ನೂಲು ಕಟ್ಟಿ, ತಿನ್ನದೆ ಬಿಡಬೇಕು. ತೊಟ್ಟಿನ ಬಳಿಯ ಹಸಿರು ಪೂರ್ತಿ ಹೋಗಿ, ಬೆರಳಿಗೆ ಮೆತ್ತಗೆ ಸಿಗುವಷ್ಟು ಹಣ್ಣಾಗಲಿ. ಕೊಯ್ದು, ಹಿಂಡಿ, ರಸದ ಸಮೇತ ಗಾಜಿನ ಲೋಟದಲ್ಲಿ ಎರಡು ಮೂರು ದಿನ ಇಟ್ಟರೆ ಮೇಲೆ ಬಿಳಿ ಪೊರೆ ಕಟ್ಟಿ ಹುಳಿ ವಾಸನೆ ಬರುತ್ತದೆ. ಆಗ ನೀರು ಹಾಕಿ ಕದಡಿ. ಗಟ್ಟಿ ಬೀಜ ತಳಕ್ಕೆ ಹೋಗುತ್ತದೆ, ಜೊಳ್ಳು ತೇಲುತ್ತದೆ. ಟೀ ಜರಡಿಯಲ್ಲಿ ತೊಳೆದು ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಬೇಡ, ಅಂಟಿಕೊಂಡು ಬಿಡುತ್ತದೆ. ಒಣಗಿದ ಬೀಜಕ್ಕೆ ಒಲೆಯ ಬೂದಿ ಬೆರೆಸಿ, ಬಾಟಲಿಗೆ ತುಂಬಿ, ಹೆಸರು ಮತ್ತು ವರ್ಷ ಬರೆದಿಟ್ಟರೆ ನಾಲ್ಕೈದು ವರ್ಷ ಬರುತ್ತದೆ.

ಅಂಗಡಿಯ ಪ್ಯಾಕೆಟ್ ಹೈಬ್ರಿಡ್ ಬೀಜ ಹೀಗೆ ಹಿಡಿದಿಟ್ಟರೆ ಒಂದೊಂದು ಗಿಡ ಒಂದೊಂದು ಥರ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್, ಅದರ ಬೀಜ ಹಿಡಿಯುವಂತಿಲ್ಲ. ಅವರದೇ ಅರ್ಕಾ ವಿಕಾಸ್ ತಳಿಯದನ್ನು ಹಿಡಿಯಬಹುದು. ಕಾಯಿಕೊರಕಕ್ಕೂ ಅವರು ಹೇಳಿದ ಉಪಾಯ ಚೆನ್ನಾಗಿದೆ: ಹೊಲದಲ್ಲಿ 16 ಸಾಲು ಟೊಮೆಟೊಗೆ 1 ಸಾಲು ಚೆಂಡುಹೂ. ಪತಂಗ ಆ ಹೂವಿಗೆ ಮರುಳಾಗಿ ಅಲ್ಲೇ ಮೊಟ್ಟೆ ಇಡುತ್ತದೆ. ಹಿತ್ತಲಿಗೆ ನಾಲ್ಕು ಚೆಂಡುಹೂ ಗಿಡ ಸಾಕು, ಟೊಮೆಟೊ ಹೂ ಬಿಡುವ ಹೊತ್ತಿಗೆ ಅದೂ ಅರಳಿರಬೇಕು.

“ಸಾರಿಗೆ ಬರ್ತಾತಾ?” ಅಕ್ಕನಿಗೆ ಅದೇ ಮುಖ್ಯ. ಈ ತಳಿಯಲ್ಲಿ ಹುಳಿ ಅಷ್ಟಾಗಿ ನಾಲಿಗೆಗೆ ಹತ್ತುವುದಿಲ್ಲ, ಸಾರಿಗೆ ಚೂರು ಹುಣಸೆಹಣ್ಣು ಬೇಕಾಗುತ್ತದೆ. ಹಸಿಮೆಣಸು, ಬೆಳ್ಳುಳ್ಳಿ ಹಾಕಿ ಹುರಿದು ಚಟ್ನಿ ಅರೆದರೆ ಬಂಗಾರದ ಬಣ್ಣ ಹಾಗೇ ಉಳಿಯುತ್ತದೆ. ರೊಟ್ಟಿಗೆ ಅದರಷ್ಟು ಚೆನ್ನಾಗಿ ಹೊಂದುವುದು ಬೇರೆ ಇಲ್ಲ.

ಹೊನ್ನಾಳಿ ಸಂತೆಗೆ ಈ ಹಣ್ಣು ಹೋಗುವುದಿಲ್ಲ. ಸಿಪ್ಪೆ ತೆಳು, ಕ್ರೇಟಿನಲ್ಲಿ ಒಡೆಯುತ್ತದೆ, ಕೊಳ್ಳುವವರು ಕೆಂಪನ್ನೇ ಹುಡುಕುತ್ತಾರೆ. ಹೊಲಕ್ಕೆ ಮೆಕ್ಕೆಜೋಳ, ತೋಟಕ್ಕೆ ಅಡಿಕೆ. ಇಂಥ ತಳಿಗೆ ಉಳಿದಿರುವ ಜಾಗ ಹಿತ್ತಲೊಂದೇ. ಈಗ ಹಿತ್ತಲಿಗೂ ಅಡಿಕೆ ಸಸಿ ಬರುತ್ತಿರುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಅದಕ್ಕೇ ಅಕ್ಕನಿಗೆ ಬೀಜದ ಪೊಟ್ಟಣ ಕೊಟ್ಟೆ. ಸ್ವಾತಿ ಮಳೆ ಮುಗಿಯುವಾಗ ಮಡಿಗೆ ಹಾಕಿ, ಬಿಳಿ ನೊಣ ಕೂರದ ಹಾಗೆ ಮೇಲೆ ಹಳೆ ಸೊಳ್ಳೆಪರದೆ ಕಟ್ಟಿ, ತಿಂಗಳಾದ ಮೇಲೆ ಕಿತ್ತು ನೆಡಿ, ಆಳೆತ್ತರ ಹೋಗುತ್ತದೆ, ಗೂಟ ಗಟ್ಟಿಯಾಗಿರಲಿ ಅಂದೆ. ಎಲೆ ಮುಟುರು ರೋಗ ಬಂದು ನನ್ನದೆಲ್ಲ ಹೋದರೆ ನಿಮ್ಮ ಹತ್ತಿರ ಬೀಜ ಇರುತ್ತದಲ್ಲ.

“ನನ್ನ ಕೆಂಪಿನ ಗಿಡ ಹಂಗಾರೆ ಆ ಕಡೆ ಮೂಲೆಗೆ ಹಾಕ್ತೀನಿ ಬಿಡು” ಅಂದರು ಅಕ್ಕ.