ರಾಯರ ಟೀವಿ ಸಂಕಟ

ಆ್ಯಶ್‌ಬರ್ನಿನಿಂದ ಅಟ್ಲಾಂಟಾದವರೆಗೆ, ನಡುವೆ ಕ್ಯಾರಿ, ಶಾರ್ಲಟ್ ಸೇರಿಸಿ, ಎಲ್ಲಿ ನಾಲ್ಕು ಕನ್ನಡದ ಮನೆಗಳಿವೆಯೋ ಅಲ್ಲಿ ಒಬ್ಬರು ರಾಯರು ಇದ್ದೇ ಇರುತ್ತಾರೆ. ಪಾಟ್‌ಲಕ್‌ಗೆ ಬಿಸಿಬೇಳೆ ಬಾತ್ ತರುವವರು ಬೇರೆ, ಕುರ್ಚಿ ಜೋಡಿಸುವವರು ಬೇರೆ. ರಾಯರು ತರುವುದು ವಿಷಾದ. ತಟ್ಟೆಗೆ ಕೋಸಂಬರಿ ಬೀಳುವ ಮೊದಲೇ ‘ಏನ್ರೀ, ಟೀವಿ ಇಷ್ಟು ಕುಲಗೆಟ್ಟು ಹೋಯ್ತಲ್ಲ!’ ಎಂದು ಶುರು. ಯಾರಾದರೂ ‘ಹೌದು ರಾಯರೇ, ನಾವು ನೋಡೋದೇ ಬಿಟ್ವಿ’ ಎಂದರೋ, ಅವರ ಮುಖ ಸಪ್ಪಗಾಗುತ್ತದೆ. ನೋಡದವರ ಮುಂದೆ ಬೈದು ಏನು ಸುಖ?

ನಮ್ಮ ರಾಯರು ವರ್ಜೀನಿಯಾದ ಆ್ಯಶ್‌ಬರ್ನಿನವರು. ಊರ ತುಂಬ ಗೋದಾಮಿನಂಥ ಡೇಟಾ ಸೆಂಟರುಗಳು. ಅಂಥದೊಂದರಲ್ಲಿ ಯಂತ್ರಗಳು ಬಿಸಿಯೇರದಂತೆ ಕಾಯುವುದು ಅವರ ಉದ್ಯೋಗ. ಅಂದರೆ ಲೋಕದ ಧಾರಾವಾಹಿ, ರಿಯಾಲಿಟಿ ಶೋ, ನಟಿಯ ನಾಯಿಮರಿಯ ಹುಟ್ಟುಹಬ್ಬ, ಇವುಗಳಲ್ಲಿ ಒಂದು ಪಾಲನ್ನಾದರೂ ಹಗಲೆಲ್ಲ ತಣ್ಣಗಿಟ್ಟು ಕಾಪಾಡಿ, ಸಂಜೆ ಮನೆಗೆ ಬಂದು ಅದನ್ನೇ ಶಪಿಸುತ್ತಾರೆ. ನಾನೊಮ್ಮೆ ಈ ಮಾತೆತ್ತಿದೆ. ‘ಅದು ಹೊಟ್ಟೆಪಾಡು, ಇದು ಸಂಸ್ಕೃತಿ’ ಎಂದರು.

ಬೈಗುಳಕ್ಕೆ ಓದಿನ ಬಲವೂ ಉಂಟು. ಕೆನಡಿ ಕಾಲದ ಅಧಿಕಾರಿ ನ್ಯೂಟನ್ ಮಿನೊ 1961ರಲ್ಲಿ ಇಲ್ಲೇ ಪಕ್ಕದ ವಾಷಿಂಗ್ಟನ್ನಿನಲ್ಲಿ, ಟೀವಿ ಯಜಮಾನರ ಸಭೆಯಲ್ಲೇ, ಟೀವಿಯನ್ನು ಬಂಜರುಭೂಮಿ ಎಂದು ಝಾಡಿಸಿದ್ದನ್ನು ಎದ್ದುನಿಂತು ವಿವರಿಸುತ್ತಾರೆ. ‘ಟೀವಿಯವರು ಏನು ಮಾಡಿದ್ರು ಗೊತ್ತೇ? “ಗಿಲಿಗನ್ಸ್ ಐಲೆಂಡ್” ಅನ್ನೋ ಕಾಮಿಡಿಯಲ್ಲಿ ಒಡೆದು ದಡಕ್ಕೆ ಬೀಳೋ ದೋಣಿಗೆ ಅವರ ಹೆಸರಿಟ್ರು!’ ಎಂದು ನಗುತ್ತಾರೆ. ಆಮೇಲೆ ನಗಬಾರದಿತ್ತೆಂದು ನೆನಪಾಗಿ ನಿಟ್ಟುಸಿರು ಬಿಡುತ್ತಾರೆ.

ಭಾನುವಾರ ಅಟ್ಲಾಂಟಾದ ಷಡ್ಡಕರಿಗೆ ಫೋನು. ಅವರೂ ಇದೇ ಗೋತ್ರ. ಲೋಕ ಕೆಡಿಸಿದ್ದು ಯಾರ ಊರು ಎಂಬುದರಲ್ಲಿ ಇಬ್ಬರಿಗೂ ಪೈಪೋಟಿ. ‘ಇಪ್ಪತ್ನಾಲ್ಕು ಗಂಟೆ ಸುದ್ದಿ ಅನ್ನೋ ರೋಗ ಹುಟ್ಟಿದ್ದೇ ನಮ್ಮಲ್ಲಿ. 1980, ಸಿಎನ್‌ಎನ್!’ ಎಂದು ಆ ಕಡೆಯಿಂದ. ಈ ಕಡೆಯಿಂದ ರಾಯರು, ‘ಅದೇನು ಮಹಾ? ನಮ್ಮ ಟಿಎಲ್‌ಸಿ ನೋಡಿ. 1972ರಲ್ಲಿ ನಾಸಾದವರೂ ಕೈಜೋಡಿಸಿ ಪಾಠ ಹೇಳೋಕೆ ಶುರುಮಾಡಿದ್ದು. ಎಲ್ಲಿಂದ ಎಲ್ಲಿಗೆ ಬಂತು!’ 2012ರಲ್ಲಿ ಅದೇ ಚಾನೆಲ್ಲು ಪುಟ್ಟ ಹುಡುಗಿಯೊಬ್ಬಳ ಮನೆಮಂದಿಯ ಗಲಾಟೆಯನ್ನು ‘ಹಿಯರ್ ಕಮ್ಸ್ ಹನಿ ಬೂ ಬೂ’ ಎಂದು ತೋರಿಸಿದಾಗ ಲೆಕ್ಕ ಕಗ್ಗಂಟಾಯಿತು. ಹುಡುಗಿ ಜಾರ್ಜಿಯಾದವಳು, ಚಾನೆಲ್ಲಿನ ಒಡೆಯ ಕಂಪನಿ ಆಗ ಇದ್ದದ್ದು ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗಿನಲ್ಲಿ. ಕೊನೆಗೆ ‘ಕೂಸು ನಮ್ಮದು, ಕ್ಯಾಮೆರಾ ನಿಮ್ಮದು’ ಎಂದು ಷಡ್ಡಕರಿಬ್ಬರೂ ಪಾಪವನ್ನು ಅರ್ಧರ್ಧ ಹಂಚಿಕೊಂಡರಂತೆ. ಆಸ್ತಿ ವಿಷಯದಲ್ಲಿ ಇಷ್ಟು ಸಲೀಸಾಗಿ ರಾಜಿಯಾದದ್ದನ್ನು ನಾನು ಕೇಳಿಲ್ಲ.

ರಾಯರಿಗೆ ನಿಜಕ್ಕೂ ನೋವಾದದ್ದು 2009ರ ನವೆಂಬರಿನಲ್ಲಿ. ಮನಮೋಹನ್ ಸಿಂಗರಿಗೆ ಒಬಾಮ ಕೊಟ್ಟ ಶ್ವೇತಭವನದ ಔತಣಕ್ಕೆ ದಂಪತಿಯೊಂದು ಕರೆಯದೆ ನುಗ್ಗಿತಲ್ಲ, ‘ದಿ ರಿಯಲ್ ಹೌಸ್‌ವೈವ್ಸ್ ಆಫ್ ಡಿ.ಸಿ.’ಗಾಗಿ ಆಗ ಕ್ಯಾಮೆರಾದವರು ಅವರ ಬೆನ್ನು ಹತ್ತಿದ್ದರು. ‘ನಮ್ಮ ಪ್ರಧಾನಿಯ ಊಟಕ್ಕೇ ನುಗ್ಗಬೇಕಿತ್ತೇ?’ ಎಂದು ರಾಯರು ಇಂದಿಗೂ ಕುದಿಯುತ್ತಾರೆ. ಆಯಮ್ಮನ ಕೆಂಪು ಉಡುಗೆಯ ಕಸೂತಿಯನ್ನು ಕೈಯಾಡಿಸಿ ತೋರಿಸುತ್ತಾರೆ. ಸಿಂಗರೂ ಒಬಾಮರೂ ಅವತ್ತು ಏನು ಮಾತಾಡಿದರು ಎಂದು ಕೇಳಿದೆ. ‘ಅದು ಟೀವಿಲಿ ಅಷ್ಟಾಗಿ ಬರ್ಲಿಲ್ಲ’ ಎಂದರು.

ಒಳ್ಳೆಯದನ್ನು ಅವರು ಬಲ್ಲರು, ಅದರಲ್ಲಿ ಸಂಶಯ ಬೇಡ. ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಹಾಕುತ್ತಾರೆ. ಆಗುಂಬೆಯ ಬೀದಿ ಕಾಣಿಸುತ್ತಲೂ ಕಣ್ಣು ಒದ್ದೆ. ಸ್ವಾಮಿ ಶಾಲೆ ಮುಟ್ಟುವಷ್ಟರಲ್ಲಿ ರಾಯರದು ಗೊರಕೆ. ಕನ್ನಡ ಸಂಘಕ್ಕೂ ಅಷ್ಟೇ: ‘ಸಿನಿಮಾದವರು ಸಾಕು, ಸಾಹಿತಿಗಳನ್ನು ಕರೆಸಿ’ ಎಂದು ಹಟ ಹಿಡಿದು ಗೋಷ್ಠಿ ಇಡಿಸಿದವರು ಅವರೇ. ಗೋಷ್ಠಿಯ ಹೊತ್ತಿಗೆ ಮಾತ್ರ ಡಲ್ಲಸ್ ವಿಮಾನ ನಿಲ್ದಾಣದಲ್ಲಿದ್ದರು. ನಟನೊಬ್ಬನನ್ನು ಕರೆತರುವ ಜವಾಬ್ದಾರಿ ಯಾರಾದರೂ ಹೊರಬೇಕಲ್ಲ!

‘ಬಿಗ್ ಬಾಸ್’ ಕನ್ನಡಕ್ಕೆ ಬಂದ 2013ರಿಂದಲೂ ಅದರ ಮೇಲೆ ಅವರಿಗೆ ಕಡುಕೋಪ. ಬೆಂಗಳೂರಿನ ರಾತ್ರಿ ಒಂಬತ್ತೂವರೆ ಅಂದರೆ ಇಲ್ಲಿ ಚಳಿಗಾಲದಲ್ಲಿ ಬೆಳಿಗ್ಗೆ ಹನ್ನೊಂದು. ಹಾಗಾಗಿ ರಜಾದಿನಗಳಲ್ಲಿ ಹನ್ನೊಂದಕ್ಕೆ ಸರಿಯಾಗಿ ಅವರಿಗೆ ಕನ್ನಡ ಸಂಸ್ಕೃತಿಯ ಚಿಂತೆ ಹತ್ತುತ್ತದೆ.

ಮೊನ್ನೆ ಅವರ ಶ್ರೀಮತಿ ರೋಸಿ, ‘ಇಷ್ಟು ಸಂಕಟಪಡೋದಾದ್ರೆ ಚಾನೆಲ್ ಚಂದಾನೇ ನಿಲ್ಲಿಸ್ಬಿಡ್ತೀನಿ’ ಎಂದರು.

ರಾಯರು ಗಾಬರಿಯಾದರು. ‘ಈಗ ಬೇಡ ಕಣೇ. ಶನಿವಾರ ‘ಬಿಗ್ ಬಾಸ್’ಗೆ ಸುದೀಪ್ ಬಂದು ಆ ಜಗಳಗಂಟನಿಗೆ ಸರಿಯಾಗಿ ಛೀಮಾರಿ ಹಾಕ್ಲಿ. ಆಮೇಲೆ ನೋಡೋಣ.’