ಗುಡ್ಡದ ಮೇಲಿನ ಲೋಕಾರೋಗ್ಯ

2020ರ ಆಷಾಢದಲ್ಲಿ, ಮಹಾಮಾರಿಯ ಭಯದಿಂದ ವಿದ್ಯಾಲಯಗಳೆಲ್ಲವೂ ಕದವಿಕ್ಕಿಕೊಂಡಿರಲು, ಜಾಗತಿಕ ಆರೋಗ್ಯವೆಂಬ ಗಹನ ಶಾಸ್ತ್ರವನ್ನು ಅಂಗೈಯಗಲದ ಗಾಜಿನೊಳಗಿಂದ ಬೋಧಿಸಲು ಹೊರಟ ಆಚಾರ್ಯರೊಬ್ಬರಿಗೂ, ಸಿಗ್ನಲ್ಲನ್ನರಸಿ ಮಲೆನಾಡಿನ ಗುಡ್ಡವನ್ನೇರಿ ಕೊಡೆ ಹಿಡಿದು ಕುಳಿತಿದ್ದ ಶಿಷ್ಯೆಗೂ ನಡೆದ ಸಂವಾದವಿದು.

“1978ರಲ್ಲಿ ಆಲ್ಮಾ-ಆಟಾದಲ್ಲಿ ನೆರೆದ ರಾಷ್ಟ್ರಗಳು, 2000ನೆಯ ಇಸವಿಯೊಳಗೆ ಸರ್ವರಿಗೂ ಆರೋಗ್ಯವೆಂದು ಸಾರಿದುವಮ್ಮ. ಕೇಳಿಸಿತೆ?”

“‘ಸರ್ವರಿಗೂ’ ಎಂಬಲ್ಲಿಗೆ ನಿಂತುಹೋಯಿತು, ಸರ್.”

“ಲೋಕದಲ್ಲಿಯೂ ಅಲ್ಲಿಗೇ ನಿಂತಿತು. ಇರಲಿ, 1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯಲ್ಲಿ ಕಾಲರಾ ಹಬ್ಬಿದಾಗ, ಜಾನ್ ಸ್ನೋ ಎಂಬ ವೈದ್ಯನು ಮನೆಮನೆಗೆ ನಡೆದು, ಸತ್ತವರ ಲೆಕ್ಕವಿಟ್ಟು, ದೋಷವು ನೀರಿನ ಪಂಪಿನಲ್ಲಿದೆಯೆಂದು ಊಹಿಸಿ, ಅದರ ಹಿಡಿಯನ್ನೇ ಕಳಚಿಸಿದನು.”

“ನಡೆದೇ ಹೋದನೆ, ಸರ್? ಆನ್‌ಲೈನಿನಲ್ಲಿ ಅಲ್ಲವೆ?”

ಆಚಾರ್ಯರು ಸ್ತಬ್ಧರಾದರು, ಅದು ಲಜ್ಜೆಯೋ ಬಫರಿಂಗೋ, ಈ ಲೇಖಕನು ಅರಿಯನು.

“ನೀನಾದರೂ ಊರ ಬಾವಿಗಳನ್ನು ನೋಡಿ ಬಾರಮ್ಮ.”

“ನೋಡಿಯಾಯಿತು, ಸರ್. ಕೆಳಗಿನ ಬಾವಿಗೆ ಕೊಟ್ಟಿಗೆಯ ನೀರು ಇಳಿಯುತ್ತಿದೆ. ನಕ್ಷೆ ಬರೆದಿದ್ದೇನೆ, ಕಳುಹಿಸಲೆ?”

“ಅವಶ್ಯವಾಗಿ! ಅಂಕವುಂಟು.”

ನಕ್ಷೆಯು ಆಚಾರ್ಯರಿಗೆ ಇನ್ನೂ ತಲುಪಿಲ್ಲ. ಊರವರು, ಅದನ್ನು ಕಾಗದದಲ್ಲಿಯೇ ನೋಡಿದವರು, ಬಾವಿಗೆ ಕಟ್ಟೆ ಕಟ್ಟಿ ಕೊಟ್ಟಿಗೆಯ ಚರಂಡಿಯನ್ನು ಬೇರೆಡೆಗೆ ತಿರುಗಿಸಿದ್ದಾರೆ.